ಹಾಲು, ನೀರು ಮತ್ತು ಗಿದ್ಯೋನನ ಉಣ್ಣೆ

ಹಾಲು ಕಂಡರೆ ನನಗೆ ಇವತ್ತಿಗೂ ಮೊದಲು ನೀರು ಕಾಣುತ್ತದೆ. ನಿವೃತ್ತನಾಗಿ ಇಷ್ಟು ಕಾಲವಾದರೂ, ನೆಂಟರ ಮನೆಯಲ್ಲಿ ಯಾರಾದರೂ ಹಾಲು ತಂದುಕೊಟ್ಟರೆ ಲೋಟವನ್ನು ಸ್ವಲ್ಪ ಓರೆ ಮಾಡಿ, ಅಂಚಿನಿಂದ ಅದು ಹೇಗೆ ಇಳಿಯುತ್ತದೆ ಎಂದು ನೋಡಿಯೇ ತುಟಿಗೆ ಇಡುವುದು. ನನ್ನ ಹೆಂಡತಿ ಸ್ಟೆಲ್ಲಾ ಮೊಣಕೈಯಲ್ಲಿ ತಿವಿಯುತ್ತಾಳೆ. “ಸುಮ್ನೆ ಕುಡೀರಿ ಅತ್ಲಾಗೆ. ಬೀಗರ ಮನೇಲೂ ತಪಾಸಣೆನಾ?”

ಏನು ಮಾಡುವುದು, ಅನ್ನ ಕೊಟ್ಟ ಕೆಲಸವೇ ಅಂಥದ್ದು. ತೊಂಬತ್ತರ ದಶಕದ ಮೊದಲಲ್ಲಿ ಹಾಲು ಸಂಗ್ರಹಣೆಯ ಮೇಲ್ವಿಚಾರಕನಾಗಿ ಸೇರಿದೆ. ಹಳ್ಳಿ ಹಳ್ಳಿಯ ಹಾಲಿನ ಸೊಸೈಟಿಗಳಿಗೆ ಹೋಗಬೇಕು, ಅಲ್ಲಿ ಹಾಲು ಹಾಕುವವರ, ಹಾಕಿಸಿಕೊಳ್ಳುವವರ ಇಬ್ಬರ ಮೇಲೂ ಕಣ್ಣಿಡಬೇಕು. ಜನ ಸೊಸೈಟಿಯನ್ನು ‘ಡೈರಿ’ ಎನ್ನುತ್ತಿದ್ದರು, ನನ್ನನ್ನು ‘ಡೈರಿ ಸಾಹೇಬ್ರು’ ಎನ್ನುತ್ತಿದ್ದರು, ನಾನು ಬೆನ್ನು ತಿರುಗಿಸಿದ ಮೇಲೆ ಏನೆನ್ನುತ್ತಿದ್ದರೆಂಬುದು ನನಗೆ ತಿಳಿಯದು ಎಂದುಕೊಂಡಿದ್ದರು. ಹಾಸನದಲ್ಲಿ ಮನೆ. ಬೆಳಗಿನ ಮೊದಲ ಬಸ್ಸಿಗೆ ಹೊಳೆನರಸೀಪುರದ ಕಡೆ, ಕೆಲವು ವರ್ಷ ಅರಕಲಗೂಡಿನ ಕಡೆ, ಆಮೇಲೆ ಚನ್ನರಾಯಪಟ್ಟಣದ ಕಡೆ. ಎಲ್ಲಿ ಹೋದರೂ ಹೆಗಲ ಚೀಲದಲ್ಲಿ ಲ್ಯಾಕ್ಟೋಮೀಟರ್ ಎಂಬ ಗಾಜಿನ ಕಡ್ಡಿ (ಗಟ್ಟಿ ಹಾಲಿನಲ್ಲಿ ತೇಲುತ್ತದೆ, ನೀರು ಬೆರೆತರೆ ಮುಳುಗುತ್ತದೆ), ಬುತ್ತಿ ಡಬ್ಬಿ, ಮತ್ತು ಒಂದು ಚಿಕ್ಕ ಸತ್ಯವೇದ. ಬಸ್ಸಿನಲ್ಲಿ ಓದುವುದಕ್ಕೆ.

ಆ ಪುಸ್ತಕ ಕಂಡವರಿಗೆ ನನ್ನ ಮೇಲೇ ಅನುಮಾನ. ಹೊಳೆನರಸೀಪುರದ ಹತ್ತಿರದ ಒಂದು ಊರಿನಲ್ಲಿ ಹಿರಿಯರೊಬ್ಬರು ಜಗಲಿಯ ಮೇಲೆ ಎಲೆ ಅಡಿಕೆ ಜಗಿಯುತ್ತಾ ಕೇಳಿಯೇಬಿಟ್ಟರು: “ಅಲ್ಲಾ ಇನ್ನಾಸಪ್ನೋರೇ, ಆಲು ನೋಡಾಕ್ ಬತ್ತೀರೋ, ನಮ್ಮನ್ನೂ ನಿಮ್ ಜಾತಿಗ್ ಸೇರ್ಸ್ಕಂಡು ತಲೆ ಮ್ಯಾಲೆ ನೀರ್ ಆಕಾಕ್ ಬತ್ತೀರೋ?”

“ನಾನ್ಯಾಕೆ ಹಾಕ್ಲಿ ಗೌಡ್ರೇ,” ಎಂದೆ. “ನಿಮ್ಮೂರಲ್ಲಿ ಹಾಲಿಗೇ ದಿನಾ ಆ ಸಂಸ್ಕಾರ ನಡೀತಾ ಐತಲ್ಲ.”

ಜಗಲಿಯೆಲ್ಲ ನಕ್ಕಿತು. ಗೌಡರೂ ನಕ್ಕರು. ಆದರೆ ಅವರು ನಕ್ಕಾಗ ಪಕ್ಕದಲ್ಲಿದ್ದ ಮಗನ ಕಡೆ ಒಮ್ಮೆ ನೋಡಿದರು. ಅದನ್ನು ನಾನು ನೋಡಿಕೊಂಡೆ. ಮಾರನೆಯ ವಾರ ಹೇಳದೆ ಕೇಳದೆ ಹೋಗಿ ಮೊದಲು ಅದ್ದಿದ್ದು ಅವರ ಮನೆಯ ಕ್ಯಾನಿಗೇ. ಕಡ್ಡಿ ಮುಳುಗಿತು. ನಮ್ಮ ಕೆಲಸದಲ್ಲಿ ನಗೆಯನ್ನೂ ಸೋಸಿ ನೋಡಬೇಕಾಗುತ್ತದೆ.

ಇದನ್ನು ನನಗೆ ಕಲಿಸಿದವರು ಮೇಲಧಿಕಾರಿ ಶ್ರೀಕಂಠಯ್ಯನವರು. ಯಾರನ್ನೂ ನಂಬದ ಮನುಷ್ಯ. ಜೀಪಿಗೆ ಬೀಗ ಹಾಕಿ, ಹಿಡಿಯನ್ನು ಜಗ್ಗಿ ನೋಡಿ, ಹೊರಟು, ಅರ್ಧ ದಾರಿಯಿಂದ “ಇನ್ನಾಸಪ್ಪ, ಒಂಚೂರು ಹೋಗಿ ಜಗ್ಗಿ ನೋಡಿ ಬಾಪ್ಪ” ಎಂದು ನನ್ನನ್ನು ಅಟ್ಟುತ್ತಿದ್ದರು. ನಾನು ಬಂದು ಸರಿಯಿದೆ ಎಂದರೆ, “ನೀನು ನಿಜವಾಗ್ಲೂ ಹೋಗಿದ್ಯಾ?” ಎನ್ನುತ್ತಿದ್ದರು. ಕ್ಯಾನಿನ ಮುಚ್ಚಳ ತೆಗೆದ ಕೂಡಲೇ ಮೂಗು ಒಡ್ಡುವುದು, ತಂದವನ ಮುಖವಲ್ಲ ಕೈ ನೋಡುವುದು, ಮಾತು ಹೆಚ್ಚಾದಷ್ಟೂ ಹಾಲು ತೆಳುವಾಗಿರಬಹುದು ಎಂದುಕೊಳ್ಳುವುದು, ಇವೆಲ್ಲ ಅವರ ಪಾಠ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದು ನನ್ನ ಮನಸ್ಸನ್ನು ತಿನ್ನುತ್ತಿತ್ತು. ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ನಮ್ಮ ಗುರುಗಳನ್ನು ಕೇಳಿದೆ: “ಫಾದರ್, ದಿನಾ ಬೆಳಗಾದ್ರೆ ಕಂಡೋರ್ನೆಲ್ಲ ಅನುಮಾನ ಪಡೋದು ಪಾಪ ಅಲ್ವಾ?”

ಅವರು ಯೋಚಿಸಿ, “ನಿನಗೆ ಸಂಬಳ ಕೊಡೋದೇ ಅದಕ್ಕಲ್ವೇನಪ್ಪಾ?” ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, “ಪುಸ್ತಕ ಓದು. ಅನುಮಾನ ಪಟ್ಟೋರು ಅದರಲ್ಲೂ ಬೇಕಾದಷ್ಟು ಜನ ಇದ್ದಾರೆ. ದೇವರು ಅವರನ್ನ ಏನು ಮಾಡಿದ ನೋಡು,” ಎಂದರು.

ನಾನು ಓದುವುದಕ್ಕೆ ಮುಂಚೆಯೇ ನನ್ನ ಅಜ್ಜಿ ಅದನ್ನು ಹೇಳಿದ್ದಳು. ಅಜ್ಜಿ ಲೂರ್ದಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಅವಳ ಅಪ್ಪ ಹೇಳಿದ್ದನ್ನು ಅವಳು, ಅವಳು ಹೇಳಿದ್ದನ್ನು ನಾನು ಕೇಳಿ ಕಲಿತೆವು. ಹೀಗಾಗಿ ನಮ್ಮ ಮನೆಯ ಸತ್ಯವೇದದಲ್ಲಿ ಎಲ್ಲರೂ ರಾಗಿ ಮುದ್ದೆ ಉಣ್ಣುತ್ತಿದ್ದರು. “ಗಿದ್ಯೋನ ಅಂತ ಒಬ್ಬ ಇದ್ದ ಕಣಪ್ಪ. ಶತ್ರುಗಳ ಕಣ್ಣಿಗ್ ಬೀಳ್ದಂಗೆ ಗುಂಡೀಲ್ ಕುಂತು ರಾಗಿ ಬಡ್ಕತಿದ್ದ ಪುಕ್ಲ. ದೇವ್ರು ಬಂದು, ಏಳೋ, ದಂಡು ಕಟ್ಟು, ನಾನವ್ನಿ ನಿನ್ ಜತೆ ಅಂದ್ರೆ ಇವ್ನು ನಂಬ್‌ಬೇಕಲ್ಲ! ಕಣದಾಗೆ ಕುರಿ ಉಣ್ಣೆ ಮಡುಗ್ತೀನಿ, ಬೆಳಿಗ್ಗೆ ಉಣ್ಣೆ ಒಂದೇ ಮಂಜಲ್ಲಿ ನೆನೀಬೇಕು, ನೆಲ ಒಣಗಿರ್ಬೇಕು ಅಂದ. ಅಂಗೇ ಆಯ್ತು. ಆಗ್ಲಾದ್ರೂ ನಂಬುದ್ನಾ? ಇಲ್ಲ ಕಣ! ಇವತ್ತು ಉಣ್ಣೆ ಒಣಗಿರ್ಬೇಕು, ನೆಲ ನೆನೀಬೇಕು ಅಂದ. ದೇವ್ರು ಒಂದ್ ಮಾತು ಬಯ್ನಿಲ್ಲ. ಅದ್ನೂ ಮಾಡಿ ತೋರುಸ್ದ.”

ಚಿಕ್ಕಂದಿನಲ್ಲಿ ಗಿದ್ಯೋನ ನನಗೆ ಬರೀ ಹಟಮಾರಿಯಾಗಿ ಕಾಣುತ್ತಿದ್ದ. ಅವನ ಎರಡನೆಯ ಬೇಡಿಕೆ ಎಷ್ಟು ಬುದ್ಧಿಯದು ಎಂದು ಗೊತ್ತಾಗಿದ್ದು ಡೈರಿ ಕೆಲಸದಲ್ಲಿ. ಉಣ್ಣೆ ನೀರು ಹೀರಿಕೊಳ್ಳುವ ವಸ್ತು, ತಾನಾಗಿಯೇ ನೆನೆದಿರಬಹುದು. ಹಾಗಾಗಿ ತಿರುಗಿಸಿ ನೋಡಬೇಕು. ಅನುಮಾನ ಪಡುವವನು ಒಂದು ಕಡೆಯಿಂದ ನೋಡಿ ನಿಲ್ಲಿಸಿದರೆ ಅದು ಅನುಮಾನವಲ್ಲ, ಸೋಮಾರಿತನ.

ಜನರೇನು ಕಡಿಮೆ ಚತುರರಲ್ಲ. ಅರಕಲಗೂಡಿನ ಕಡೆ ಒಬ್ಬ ಆಸಾಮಿಯ ಹಾಲಿನಲ್ಲಿ ಕಡ್ಡಿ ಯಾವಾಗಲೂ ಜಂಬದಿಂದ ತೇಲುತ್ತಿತ್ತು. ಬೇರೆಯವರ ಹಾಲಿನ ಮೇಲೆ ಮೊದಲು ದೂರು ಹೇಳುವವನೂ ಅವನೇ. ಒಂದು ದಿನ ಅವನ ಹಾಲನ್ನು ಅಂಗೈಗೆ ಹಾಕಿಕೊಂಡು ನೆಕ್ಕಿದೆ. ಪಾಯಸ! ನೀರು ಬೆರೆಸಿ, ಕಡ್ಡಿ ಮುಳುಗದಂತೆ ಸಕ್ಕರೆ ಕದಡಿದ್ದ.

“ಏನಯ್ಯಾ ಇದು, ಸಿಹಿ?”

“ಕಬ್ಬಿನ್ ಸೋಗೆ ಮೇಯುಸ್ತೀವಲ್ಲ ಸಾ,” ಎಂದ, ಕಣ್ಣು ಮಿಟುಕಿಸದೆ. “ಅದ್ಕೇಯ ಅಂಗೆ.”

“ಹಾಗಾದ್ರೆ ನಾಳೆಯಿಂದ ಕಾಫಿ ಗಿಡ ಮೇಯಿಸು. ಡೈರೀಲೇ ಕಾಫಿ ಕುಡ್ಕೊಂಡು ಹೋಗ್ತೀನಿ,” ಎಂದೆ.

ಈಗ ಈ ಕೆಲಸಕ್ಕೆ ಬರುತ್ತಿರುವವರಿಗೆ ಯಂತ್ರ ಇದೆ. ಎರಡು ಸಾವಿರದ ಇಸವಿಯ ನಂತರ ಒಂದೊಂದೇ ಊರಿಗೆ ಅದು ಬಂತು. ಹಾಲು ಹೊಯ್ದರೆ ಅಂಕಿ ಮಿನುಗುತ್ತದೆ, ಚೀಟಿ ಬರುತ್ತದೆ. ಒಳ್ಳೆಯದೇ. ಆದರೆ ಮಿನುಗುವ ಅಂಕಿಯ ಮುಂದೆ ಜನ ಬಾಯಿ ಮುಚ್ಚಿಕೊಳ್ಳುವುದು ಕಂಡಾಗ ನನಗೆ ಒಳಗೊಳಗೇ ಅಳುಕು. ಯಾಕೆಂದರೆ ಯಂತ್ರ ಬರುವುದಕ್ಕೆ ಸ್ವಲ್ಪ ಮುಂಚೆ, ಚನ್ನರಾಯಪಟ್ಟಣದ ಕಡೆಯ ಒಂದು ಊರಿನಲ್ಲಿ ಜಯಮ್ಮನ ಪ್ರಕರಣ ನಡೆಯಿತು. ಅದನ್ನು ಹೇಳಬೇಕೆಂದೇ ಇಷ್ಟು ಬರೆದೆ.

ಜಯಮ್ಮ ಗಂಡ ಹೋದ ಮೇಲೆ ತವರೂರಿಗೆ ಬಂದು ನೆಲೆಸಿದಾಕೆ. ಒಂದೇ ಒಂದು ಸೀಮೆ ಹಸು. ಅದು ಹಾಲು ಕೊಟ್ಟರೆ ಮನೆಯಲ್ಲಿ ಒಲೆ ಉರಿಯುತ್ತಿತ್ತು, ಇಲ್ಲದಿದ್ದರೆ ಇಲ್ಲ. ಆಕೆಯ ಕೊಟ್ಟಿಗೆಯ ಗೋಡೆಗೆ ಅಂಟಿಕೊಂಡೇ ಡೈರಿ ಕಟ್ಟಡ. ಆಕೆಯ ಬಾಗಿಲ ಎದುರಿಗೇ ಊರಿನ ಬೋರಿಂಗ್ ಪಂಪು. ಚಳಿಗಾಲ ಶುರುವಾದಂತೆ ಆಕೆಯ ಹಾಲಿನಲ್ಲಿ ಕಡ್ಡಿ ಎಲ್ಲರದ್ದಕ್ಕಿಂತ ಕೆಳಗೆ ಮುಳುಗತೊಡಗಿತು. ಅದೂ ಬೆಳಗಿನ ಹೊತ್ತು ಜಾಸ್ತಿ. ಕಾರ್ಯದರ್ಶಿ ಮಂಜಣ್ಣ ಆಕೆಯ ಹಾಲನ್ನು ಎಲ್ಲರದ್ದೂ ಆದ ಮೇಲೆ, ಬೇರೆ ಕ್ಯಾನಿಗೆ ಹಾಕಿಸಿಕೊಳ್ಳುತ್ತಿದ್ದ. ಕಡೆಗೆ ಆಕೆಯ ಸದಸ್ಯತ್ವವನ್ನೇ ತೆಗೆದುಹಾಕಬೇಕೆಂದು ಅಧ್ಯಕ್ಷ ತಮ್ಮೇಗೌಡರು ನನ್ನನ್ನು ಕರೆಸಿದರು.

“ಬೋರಿಂಗು ಬಾಗ್ಲಾಗೇ ಐತೆ ಸಾ,” ಎಂದರು ತಮ್ಮೇಗೌಡರು. “ಒಂದ್ ಕೈಲಿ ಒತ್ತುದ್ರೆ ಇನ್ನೊಂದ್ ಕೈಲಿ ಆಲು ಎಚ್ಚಾಯ್ತದೆ. ಇನ್ನೇನ್ ಬೇಕು?”

ನನಗೂ ಇನ್ನೇನೂ ಬೇಕಾಗಿರಲಿಲ್ಲ ಎನ್ನಿಸಿತು. ಆದರೆ ಎಲ್ಲರೂ ಒಂದೇ ಮಾತನ್ನು ಅಷ್ಟು ಖುಷಿಯಿಂದ ಹೇಳುವುದು ಕೇಳಿ ಆ ಮಾತಿನ ಮೇಲೇ ಅನುಮಾನ ಬಂತು. ಆಕೆಯನ್ನು ಕರೆಸಿ ಕೇಳಿದೆ.

ಜಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು. “ನಾನ್ ಆಣೆ ಮಾಡಲ್ಲ ಸಾ. ಆಣೆ ಮಾಡುದ್ರೆ ಅದ್ನೂ ನಂಬಲ್ಲ ಇವ್ರು. ನಾಳೀಕೆ ಹಸೂನೇ ಇಲ್ಲಿಗ್ ಇಡ್ಕ ಬತ್ತೀನಿ. ಡೈರಿ ಬಾಗ್ಲಾಗೇ ಕರೀತೀನಿ. ನೀವೆಲ್ಲಾ ಕಣ್ಣ್ ಬುಟ್ಕಂಡ್ ನಿಂತ್ಕಳಿ.”

ಮಾರನೆಯ ಬೆಳಿಗ್ಗೆ ಮಂಜು ಮುಸುಕಿತ್ತು. ಊರೇ ಕಂಬಳಿ ಹೊದ್ದು ಬಂದು ಡೈರಿ ಮುಂದೆ ನಿಂತಿತ್ತು. ಪಾತ್ರೆಯನ್ನು ನಾನೇ ಒರೆಸಿ, ಬಗ್ಗಿಸಿ ತೋರಿಸಿ ಕೊಟ್ಟೆ. ಜಯಮ್ಮ ಕುಕ್ಕರುಗಾಲಲ್ಲಿ ಕೂತು ಕರೆದಳು. ಹಾಲು ನೊರೆ ನೊರೆಯಾಗಿ ಏರಿತು, ಚಳಿಯಲ್ಲಿ ಅದರಿಂದ ಹಬೆ ಏಳುತ್ತಿತ್ತು. ಮಂಜಣ್ಣ ನೊರೆ ಸರಿಸಿ, ಅಳತೆ ಪಾತ್ರೆಗೆ ಹೊಯ್ದು ಕಡ್ಡಿ ಬಿಟ್ಟ.

ಕಡ್ಡಿ ಮುಳುಗಿತು. ದಿನಕ್ಕಿಂತ ಇನ್ನೂ ಕೆಳಗೆ.

ಜಯಮ್ಮ ಎದ್ದು ಬಂದು ಕಡ್ಡಿಯನ್ನು ಬಗ್ಗಿ ನೋಡಿದಳು. ಹಿಂದಿನಿಂದ ಯಾರೋ “ಅಸೂಗೇ ಬೋರಿಂಗ್ ಇಟ್ಟವ್ಳೆ ಕಣ್ಲಾ!” ಎಂದರು. ಇನ್ನೊಬ್ಬರು, ಬೆಳಗಿನ ಜಾವ ಉಪ್ಪು ತಿನ್ನಿಸಿ ಕೊಡಗಟ್ಟಲೆ ನೀರು ಕುಡಿಸಿದ್ದಾಳೆ ಎಂದರು. ಒಬ್ಬ ಮುದುಕಿ ಮಾತ್ರ ಪಿಸುಗುಟ್ಟಿ ಹೇಳಿದಳು, ಅದು ಇನ್ನೂ ಕೆಟ್ಟದ್ದು: “ಕಣ್ಣೆದ್ರೇ ಕರುದ್ರೂ ನೀರಾಯ್ತದೆ ಅಂದ್ರೆ, ಮಾಟ ಕಣವ್ವಾ.”

“ನೋಡುದ್ರಲ್ಲ ಸಾ,” ಎಂದರು ತಮ್ಮೇಗೌಡರು. “ಇವತ್ತೇ ಮೀಟಿಂಗ್ ಮಾಡಿ ತೆಗೆದಾಕ್‌ಬುಡಾನ.”

ನಾನು ಸುತ್ತ ನೋಡಿದೆ. ಕಣ್ಣೆದುರು ಕರೆದ ಹಾಲು. ನೀರು ಬೆರೆಯಲು ದಾರಿಯೇ ಇಲ್ಲ. ಹೆಂಗಸು ಸುಳ್ಳು ಹೇಳಿಲ್ಲ ಎಂದರೆ ಸುಳ್ಳು ಹೇಳಿದ್ದು ಕಡ್ಡಿ. ಆ ಕಡ್ಡಿಯನ್ನು ನಾವು ಯಾರೂ ಒಂದು ದಿನವೂ ಅನುಮಾನಿಸಿರಲಿಲ್ಲ. ತರಬೇತಿಯಲ್ಲಿ ಹೇಳಿದ್ದು ಆಗ ಮನಸ್ಸಿಗೆ ಬಂತು: ಹಾಲಿನ ಬಿಸಿಯನ್ನೂ ನೋಡಬೇಕು, ಆಗ ತಾನೆ ಕರೆದ ಹಾಲು ಹಗುರ, ಅದರಲ್ಲಿ ಕಡ್ಡಿ ಇಳಿಯುತ್ತದೆ. ಊರಿನ ಉಳಿದವರು ತೋಟದ ಮನೆಗಳಿಂದ ಚಳಿಯಲ್ಲಿ ನಡೆದು ಬರುವಷ್ಟರಲ್ಲಿ ಹಾಲು ತಣ್ಣಗಾಗುತ್ತದೆ, ಬೇಸಿಗೆಯಲ್ಲಾದರೆ ಅಷ್ಟು ವ್ಯತ್ಯಾಸ ಕಾಣುವುದಿಲ್ಲ. ಜಯಮ್ಮನದು ಗೋಡೆಯ ಆಚೆಯಿಂದ ಈಚೆಗೆ, ಸರದಿ ಕೊನೆಗೆಂದು ಕರೆಯುವುದೂ ಕೊನೆಗೇ. ಬಿಸಿ ಬಿಸಿಯಾಗಿಯೇ ಬರುತ್ತದೆ. ಇವತ್ತಂತೂ ಕೆಚ್ಚಲಿನಿಂದ ನೇರವಾಗಿ.

“ಸಂಜೆವರೆಗೆ ಮೀಟಿಂಗ್ ಬೇಡ,” ಎಂದು ಹೇಳಿ, ಆ ಹಾಲನ್ನು ಕ್ಯಾನಿಗೆ ಹೊಯ್ದು, ಅದನ್ನು ಹಸುಗಳಿಗೆ ನೀರಿಡುವ ಕಲ್ಲಿನ ತೊಟ್ಟಿಯಲ್ಲಿ ಇಳಿಬಿಟ್ಟು, ಪಕ್ಕದಲ್ಲೇ ಕೂತೆ. ಜನ ತಿಂಡಿಗೆ ಹೋದರು. ಅವರು ಬರುವಷ್ಟರಲ್ಲಿ ಹಾಲು ತಣ್ಣಗಾಗಿ ನೊರೆ ಇಳಿದಿತ್ತು. ಎಲ್ಲರೆದುರು ಕಡ್ಡಿ ಬಿಟ್ಟೆ. ಚೆನ್ನಾಗಿ ತೇಲಿತು.

ಜಯಮ್ಮ ಉಸಿರು ಬಿಟ್ಟಳು. ಆದರೆ ಊರು ಉಸಿರು ಬಿಡಲಿಲ್ಲ.

“ನೀವೊಬ್ರೇ ಇದ್ರಲ್ಲ ಸಾ ಇಲ್ಲಿ,” ಎಂದ ಮಂಜಣ್ಣ, ನೆಲ ನೋಡುತ್ತಾ.

“ಚೀಲ್ದಾಗೆ ಆ ಪುಸ್ತಕ ಬೇರೆ ಮಡೀಕಂಡವ್ರೆ,” ಎಂದಿತು ಇನ್ನೊಂದು ದನಿ. “ಏನ್ ಮಂತ್ರಿಸುದ್ರೋ.”

ಅನುಮಾನ ಎಷ್ಟು ಚೆನ್ನಾಗಿ ನಡೆದಾಡುತ್ತದೆ ನೋಡಿ. ಆಕೆಯ ಬಾಗಿಲಿನಿಂದ ಎದ್ದು ಬಂದು ನನ್ನ ಮಡಿಲಲ್ಲಿ ಕೂತಿತು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವರ ಜಾಗದಲ್ಲಿ ಶ್ರೀಕಂಠಯ್ಯನವರಿದ್ದರೂ ಅದನ್ನೇ ಕೇಳುತ್ತಿದ್ದರು. ಉಣ್ಣೆ ಒಂದು ಸಲ ನೆನೆದಿದೆ ಅಷ್ಟೆ. ತಿರುಗಿಸಿ ನೋಡುವುದು ಇನ್ನೂ ಬಾಕಿ ಇತ್ತು.

“ತಮ್ಮೇಗೌಡ್ರೇ,” ಎಂದೆ, “ಊರಲ್ಲಿ ನೀರು ಸೋಕದ ಹಾಲು ಅಂದ್ರೆ ಯಾರ ಮನೇದು?”

“ನಮ್ದೇಯ,” ಎಂದರು ಅವರು. ಯಾರೂ ಅಲ್ಲವೆನ್ನಲಿಲ್ಲ.

“ಹಾಗಾದ್ರೆ ನಾಳೆ ಬೆಳಿಗ್ಗೆ ನಿಮ್ಮ ಹಸೂನ ಇಲ್ಲಿಗೇ ತನ್ನಿ. ಇಲ್ಲೇ ಕರೀಲಿ. ಜಯಮ್ಮ ಮನೇಲೇ ಮೊದಲು ಕರೆದು, ಕ್ಯಾನು ತಂದು ಈ ತೊಟ್ಟೀಲಿ ಇಡ್ಲಿ. ಆಕೆ ಕರೆಯೋವಾಗ ನಿಮ್ಮ ಮನೆಯೋರು ಪಕ್ಕದಲ್ಲಿ ನಿಂತಿರ್ಲಿ. ಕ್ಯಾನು ಕಾಯೋನು ಮಂಜಣ್ಣ. ನಾನು ಆ ಹತ್ತಿರಕ್ಕೇ ಬರಲ್ಲ. ಚೀಲ ಬಸ್ ಸ್ಟಾಪಲ್ಲಿ ಇಟ್ಟು ಬರ್ತೀನಿ.”

“ತತ್ತೀನಿ!” ಎಂದರು ತಮ್ಮೇಗೌಡರು, ಎದೆ ಉಬ್ಬಿಸಿ. “ಊರ್ಗೇ ಗೊತ್ತಾಗ್ಲಿ ಆಲು ಅಂದ್ರೆ ಏನು ಅಂತ.”

ಹಾಸನಕ್ಕೆ ವಾಪಸ್ಸಾಗುವಾಗ ಬಸ್ಸಿನಲ್ಲಿ ನಾನು ಪುಸ್ತಕ ತೆರೆಯಲಿಲ್ಲ. ಒಂದು ವೇಳೆ ತಮ್ಮೇಗೌಡರ ಹಸು ಗಟ್ಟಿ ಹಾಲಿನದ್ದಾಗಿ, ಬಿಸಿಯಲ್ಲೂ ಕಡ್ಡಿ ತೇಲಿಬಿಟ್ಟರೆ? ಜಯಮ್ಮ ಮುಗಿದಳು. ನನ್ನ ಜಾಣತನದಿಂದಲೇ ಮುಗಿದಳು. ನಾನು ಹೇಳಿದ್ದು ಸರಿ ಎಂದು ಗೊತ್ತಿದ್ದೂ ನನ್ನನ್ನೇ ನಂಬಲಾಗಲಿಲ್ಲ. ಮನೆಗೆ ಹೋದ ಕೂಡಲೇ ಸ್ಟೆಲ್ಲಾ ಮುಖ ನೋಡಿ, “ಯಾರನ್ನ ಹಿಡಿದ್ರಿ ಇವತ್ತು?” ಎಂದಳು. “ನನ್ನನ್ನೇ,” ಎಂದೆ.

ಬೆಳಿಗ್ಗೆ ಹೋದಾಗ ತಮ್ಮೇಗೌಡರ ಹಸುವಿನ ಕೊಂಬಿಗೆ ಹೂವು ಸುತ್ತಿತ್ತು. ಅವರ ಹೆಂಡತಿ ದೇವೀರಮ್ಮ ಕರೆಯಲು ಕೂತರು. ಜಯಮ್ಮನ ಕ್ಯಾನು ತೊಟ್ಟಿಯಲ್ಲಿತ್ತು, ಮಂಜಣ್ಣ ಅದರ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದ. ಮೊದಲು ಆಕೆಯ ತಣ್ಣನೆಯ ಹಾಲಿಗೆ ಕಡ್ಡಿ ಬಿಟ್ಟರು. ತೇಲಿತು. ಆಮೇಲೆ ಗೌಡರ ಹಸುವಿನ ಹಬೆಯಾಡುವ ಹಾಲಿಗೆ ಬಿಟ್ಟರು.

ಮುಳುಗಿತು.

ಆಮೇಲೆ ಹಿಂದಿನ ಸಾಲಿನಿಂದ ನಿಧಾನವಾಗಿ ಬಂತು: “ಅಧ್ಯಕ್ಸರ ಮನೆಗೂ ಬೋರಿಂಗ್ ಕನೆಕ್ಸನ್ ಕೊಟ್ಟವ್ರಾ?” ನಗೆ ಒಡೆಯಿತು. ತಮ್ಮೇಗೌಡರು ಕೆಂಪಾಗಿ, “ಲೇ, ನನ್ ಹೆಂಡ್ತಿ ನಿಮ್ ಕಣ್ಣೆದ್ರೇ ಕರುದ್ಲು ಕಣ್ರೋ!” ಎಂದು ಕೂಗಿದರು.

ಕೂಗಿದ ಮೇಲೆ ತಾವೇ ನಿಂತರು. ನಿನ್ನೆ ಇದೇ ಮಾತನ್ನು ಇದೇ ಜಾಗದಲ್ಲಿ ಇನ್ನೊಬ್ಬರು ಹೇಳಬೇಕಾಗಿತ್ತು, ಹೇಳಲು ಬಿಟ್ಟಿರಲಿಲ್ಲ ಎನ್ನುವುದು ಅವರಿಗೆ ಹೊಳೆಯಿತೆಂದು ಕಾಣುತ್ತದೆ. ಜಯಮ್ಮನ ಕಡೆ ಮಾತ್ರ ನೋಡಲಿಲ್ಲ.

ಗೌಡರ ಹಾಲನ್ನೂ ತೊಟ್ಟಿಯಲ್ಲಿ ಇಳಿಬಿಟ್ಟೆವು. ತಣ್ಣಗಾದ ಮೇಲೆ ಅದೂ ತೇಲಿತು. ಬಿಸಿ ಹಾಲಿನ ವಿಷಯ ಬಿಡಿಸಿ ಹೇಳಿದೆ. ಈಗ ಎಲ್ಲರಿಗೂ ಅರ್ಥವಾಯಿತು. ಅಧ್ಯಕ್ಷರ ಹಾಲಿನಲ್ಲಿ ಕಡ್ಡಿ ಮುಳುಗಿದ್ದರಿಂದಲೇ ಇಷ್ಟು ಬೇಗ ಅರ್ಥವಾಯಿತು ಎಂಬುದು ನನ್ನ ಗುಮಾನಿ.

ನಾನು ಮಧ್ಯಾಹ್ನದ ಬಸ್ಸಿಗೆ ಹೊರಡಲಿಲ್ಲ. ನಾಚಿಕೆಪಟ್ಟ ಜನ ಏನು ಮಾಡುತ್ತಾರೆಂದು ಹೇಳಲಾಗದು. ಸಂಜೆಯ ಹಾಲಿನವರೆಗೆ ಡೈರಿಯ ಮೂಲೆಯಲ್ಲೇ ಕೂತಿದ್ದೆ.

ಸಂಜೆ ಸಾಲು ನಿಂತಿತು. ಜಯಮ್ಮ ಕೊನೆಯಲ್ಲಿ ನಿಲ್ಲಲಿಲ್ಲ. ಎಲ್ಲರಿಗಿಂತ ಹತ್ತಿರದವಳಲ್ಲವೆ, ಎಲ್ಲರಿಗಿಂತ ಮೊದಲು ಬಂದು ಮುಂದೆಯೇ ನಿಂತಳು. ಆಕೆಯ ಹಿಂದೆ ದೇವೀರಮ್ಮ. ಮಂಜಣ್ಣ ಜಯಮ್ಮನ ಕ್ಯಾನು ನೋಡಿ, ಕಡ್ಡಿಯನ್ನು ಕೈಗೆತ್ತಿಕೊಂಡು, ಮತ್ತೆ ಕೆಳಗಿಟ್ಟ. “ಬುಡಕ್ಕಾ, ನಿಂದು ನೋಡೋದ್ ಬ್ಯಾಡ. ಸುರಿ,” ಎಂದು ಎಲ್ಲರ ಹಾಲು ಬೀಳುವ ದೊಡ್ಡ ಕ್ಯಾನಿನ ಕಡೆ ಕೈ ತೋರಿಸಿದ.

ಜಯಮ್ಮ ಸುರಿಯಲಿಲ್ಲ. ತನ್ನ ಕ್ಯಾನನ್ನು ಅವನ ಮುಂದಿನ ಮೇಜಿನ ಮೇಲೆ ಇಟ್ಟಳು.

“ಯಾಕೆ ಬ್ಯಾಡ? ತಣ್ಣಗಾಗ್ಲಿ ಅಂತ ಆಗ್ಲೇ ಕರುದ್ ಮಡಗಿದ್ದೆ. ಅದ್ದು.”

“ಅಲ್ಲ ಕಣಕ್ಕಾ, ಈಗ ಗೊತ್ತಾಯ್ತಲ್ಲ...”

“ನಂದೂ ಅದ್ದು. ಎಲ್ಲಾರ್ದೂ ಅದ್ದು,” ಎಂದಳು ಜಯಮ್ಮ. ಜಗಳದ ದನಿಯಲ್ಲ, ಅಂಗಡಿಯಲ್ಲಿ ಉಪ್ಪು ಕೇಳುವ ದನಿ. “ಒಬ್ರುದ್ ಬುಟ್ರೂ ನಂಗ್ ಬ್ಯಾಡ.”

ಮಂಜಣ್ಣ ನನ್ನ ಕಡೆ ನೋಡಿದ. ನಾನು ಬೇರೆ ಕಡೆ ನೋಡಿದೆ. ಅವನು ಕಡ್ಡಿ ಬಿಟ್ಟ, ಬಗ್ಗಿ ಓದಿದ, ಅಂಕಿಯನ್ನು ಜೋರಾಗಿ ಹೇಳಿದ. ಜಯಮ್ಮ ಹಾಲನ್ನು ದೊಡ್ಡ ಕ್ಯಾನಿಗೆ ಸುರಿದು, ಖಾಲಿ ಕ್ಯಾನು ಎತ್ತಿಕೊಂಡಳು. ಆದರೆ ಹೊರಡದೆ, ಪಕ್ಕಕ್ಕೆ ಸರಿದು ನಿಂತಳು.

ದೇವೀರಮ್ಮ ಮುಂದೆ ಬಂದರು. ಆ ಬೆಳಗಿನ ಪರೀಕ್ಷೆಯೊಂದನ್ನು ಬಿಟ್ಟರೆ, ಅಷ್ಟು ವರ್ಷದಲ್ಲಿ ಅಧ್ಯಕ್ಷರ ಮನೆಯ ಹಾಲಿಗೆ ಆ ಡೈರಿಯಲ್ಲಿ ಯಾರೂ ಕಡ್ಡಿ ಅದ್ದಿರಲಿಲ್ಲವೆಂದು ಆಮೇಲೆ ತಿಳಿಯಿತು. ಅವರು ಮಂಜಣ್ಣನನ್ನು ನೋಡಲಿಲ್ಲ, ಬಾಗಿಲಲ್ಲಿ ನಿಂತಿದ್ದ ಗಂಡನನ್ನೂ ನೋಡಲಿಲ್ಲ. ಜಯಮ್ಮನನ್ನು ಒಮ್ಮೆ ನೋಡಿ, ತಮ್ಮ ಕ್ಯಾನನ್ನು ಮೇಜಿನ ಮೇಲಿಟ್ಟು, ಮುಚ್ಚಳವನ್ನು ತಾವೇ ತೆಗೆದರು.